ಬೆನ್ನುಹುರಿಯ ಗಾಯಕ್ಕೆ ಹೊಸ ಚಿಕಿತ್ಸೆಗಳು: ಯಾವುದನ್ನು ನಂಬಬೇಕು, ಯಾವುದಕ್ಕೆ ಕಾಯಬೇಕು?

ತಿಳಿನೀರು

ನನ್ನ ತಮ್ಮನಿಗೆ ರಸ್ತೆ ಅಪಘಾತದಲ್ಲಿ ಕುತ್ತಿಗೆಯ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಗಿದೆ. ಶಸ್ತ್ರಚಿಕಿತ್ಸೆ ಮುಗಿದು ಈಗ ಪುನಶ್ಚೇತನ ಕೇಂದ್ರದಲ್ಲಿದ್ದಾನೆ. ವರದಿಯಲ್ಲಿ ‘ಸಿ6, ಎಐಎಸ್ ಬಿ’ ಎಂದು ಬರೆದಿದ್ದಾರೆ. ತೋಳು ಎತ್ತುತ್ತಾನೆ, ಮೊಣಕೈ ಮಡಚುತ್ತಾನೆ, ಮಣಿಕಟ್ಟನ್ನು ಮೇಲಕ್ಕೆ ಎತ್ತುತ್ತಾನೆ. ಬೆರಳುಗಳು ಅಲುಗುವುದಿಲ್ಲ. ಕಾಲುಗಳಲ್ಲಿ ಚಲನೆ ಇಲ್ಲ, ಮುಟ್ಟಿದರೆ ಅಲ್ಲಲ್ಲಿ ತಿಳಿಯುತ್ತದೆ.

ಅಪಘಾತವಾದ ದಿನದಿಂದ ನೆಂಟರು, ಸ್ನೇಹಿತರು ಬಿಡುವಿಲ್ಲದೆ ವಿಡಿಯೊ ಕಳುಹಿಸುತ್ತಿದ್ದಾರೆ. ಒಂದರಲ್ಲಿ ಮಿದುಳಿಗೆ ಚಿಪ್ ಹಾಕಿಸಿಕೊಂಡವರು ನಡೆಯುತ್ತಾರೆ, ಇನ್ನೊಂದರಲ್ಲಿ ಕಾಂಡಕೋಶದ (ಸ್ಟೆಮ್ ಸೆಲ್) ಚುಚ್ಚುಮದ್ದು ಪಡೆದವರು ಎದ್ದು ನಿಲ್ಲುತ್ತಾರೆ. ತಮ್ಮ ಎಲ್ಲವನ್ನೂ ನೋಡುತ್ತಾನೆ, ನೋಡಿ ನನ್ನ ಮುಖ ನೋಡುತ್ತಾನೆ. ಅವನಿಗೆ ಸುಳ್ಳು ಹೇಳಲಾರೆ, ಬಾಗಿಲು ಮುಚ್ಚಿತು ಎಂದೂ ಹೇಳಲಾರೆ. ಇದರಲ್ಲಿ ನಿಜವಾಗಿ ಮುಂದೆ ಹೋಗಿರುವುದು ಏನು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಗಾಲಿಪಯಣ

ತಿಳಿನೀರು ಅವರೇ, ಮೊದಲು ಆ ‘ಬಿ’ ಎಂಬ ಅಕ್ಷರವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸಿ6 ಎಂದರೆ ಬೆನ್ನುಹುರಿಯ ಕುತ್ತಿಗೆ ಭಾಗದ ಆರನೆಯ ಮಟ್ಟ, ಎಐಎಸ್ ಎಂದರೆ ಗಾಯದ ತೀವ್ರತೆಯ ಅಳತೆ. ಈ ಅಳತೆಯಲ್ಲಿ ಎ ಯಿಂದ ಇ ವರೆಗೆ ಐದು ದರ್ಜೆಗಳಿವೆ. ಬೆನ್ನುಹುರಿಯ ಕಟ್ಟಕಡೆಯ ಭಾಗಗಳು ಗುದದ್ವಾರದ ಸುತ್ತಲಿನ ಸ್ಪರ್ಶ ಮತ್ತು ಬಿಗಿತವನ್ನು ನೋಡಿಕೊಳ್ಳುತ್ತವೆ. ಅಲ್ಲಿ ಎರಡೂ ಇಲ್ಲದಿದ್ದರೆ ಎ, ಅಂದರೆ ಪೂರ್ಣ ಗಾಯ. ಬಿ ಯಲ್ಲಿ ಸ್ಪರ್ಶ ಉಳಿದಿರುತ್ತದೆ, ಚಲನೆ ಇರುವುದಿಲ್ಲ. ಸಿ ಮತ್ತು ಡಿ ಯಲ್ಲಿ ಚಲನೆಯೂ ಬೇರೆ ಬೇರೆ ಪ್ರಮಾಣದಲ್ಲಿ ಉಳಿದಿರುತ್ತದೆ. ಇ ಎಂದರೆ ಪರೀಕ್ಷೆಯಲ್ಲಿ ಎಲ್ಲವೂ ಸಹಜ. ನಿಮ್ಮ ತಮ್ಮನದು ಅಪೂರ್ಣ ಗಾಯ. ಗಾಯದ ಜಾಗವನ್ನು ದಾಟಿ ಸಂಕೇತ ಒಯ್ಯುವ ನರತಂತುಗಳು ಕೆಲವಾದರೂ ಬದುಕಿವೆ. ಈಗ ಸುದ್ದಿಯಲ್ಲಿರುವ ಚಿಕಿತ್ಸೆಗಳಲ್ಲಿ ಹೆಚ್ಚಿನವು ಹೀಗೆ ಉಳಿದುಕೊಂಡ ತಂತುಗಳನ್ನೇ ನೆಚ್ಚಿಕೊಂಡಿವೆ.

ಇನ್ನೊಂದು ವಿಷಯವನ್ನು ವೈದ್ಯರಲ್ಲಿ ಕೇಳಿ: ಸೂಜಿಮೊನೆ ಚುಚ್ಚಿದರೆ ಕಾಲಿನಲ್ಲಿ, ಗುದದ ಬಳಿ ಅವನಿಗೆ ಚೂಪು ತಿಳಿಯುತ್ತದೆಯೇ? ಬರೀ ಮುಟ್ಟಿದ್ದು ತಿಳಿಯುವವರಿಗಿಂತ ಚುಚ್ಚಿದ್ದೂ ತಿಳಿಯುವವರಲ್ಲಿ ಚಲನೆ ಮರಳುವ ಸಾಧ್ಯತೆ ಹೆಚ್ಚು.

ನನ್ನದು ಎದೆಯ ಮಟ್ಟದ ಪೂರ್ಣ ಗಾಯ, ಗಾಲಿಕುರ್ಚಿಯಲ್ಲಿ ಬಹಳ ವರ್ಷಗಳಾದವು. ಯಾವುದೇ ವಿಡಿಯೊ ಬಂದರೂ ನಾನು ಕೇಳಿಕೊಳ್ಳುವುದು ಇಷ್ಟು: ಆ ವ್ಯಕ್ತಿಯ ಗಾಯ ಪೂರ್ಣವೋ ಅಪೂರ್ಣವೋ, ಗಾಯವಾಗಿ ಎಷ್ಟು ಕಾಲವಾಗಿತ್ತು, ಎಷ್ಟು ಜನರ ಮೇಲೆ ಮಾಡಿದ್ದಾರೆ, ಯಂತ್ರ ನಿಲ್ಲಿಸಿದ ಮೇಲೆ ಏನು ಉಳಿಯಿತು. ಗಾಯವಾದ ಮೊದಲ ತಿಂಗಳುಗಳಲ್ಲಿ ದೇಹ ತಾನಾಗಿಯೇ ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಯಾರು ಯಾವ ಚುಚ್ಚುಮದ್ದು ಕೊಟ್ಟರೂ ಹೆಸರು ಅವರಿಗೇ ಬರುತ್ತದೆ.

ನರಜಾಲ

ನಾನು ನರವಿಜ್ಞಾನದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ, ರೋಗಿಗಳನ್ನು ನೋಡುವವಳಲ್ಲ. ಬೆನ್ನುಹುರಿ ಏಕೆ ತಾನಾಗಿ ಬೆಸೆದುಕೊಳ್ಳುವುದಿಲ್ಲ ಎಂಬುದನ್ನು ಹೇಳಬಲ್ಲೆ. ಅದು ತಿಳಿದರೆ ಸುದ್ದಿಗಳನ್ನು ಅಳೆಯುವುದು ಸುಲಭ.

ಪೆಟ್ಟು ಬಿದ್ದ ಕ್ಷಣದಲ್ಲಿ ಆಗುವ ಹಾನಿ ಒಂದು ಭಾಗ ಮಾತ್ರ. ನಂತರದ ಗಂಟೆಗಳಲ್ಲಿ, ದಿನಗಳಲ್ಲಿ ಊತ ಬರುತ್ತದೆ, ರಕ್ತ ಪೂರೈಕೆ ಕುಗ್ಗುತ್ತದೆ, ಸತ್ತ ಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಉಕ್ಕಿ ಪಕ್ಕದ ಕೋಶಗಳನ್ನೂ ಕೊಲ್ಲುತ್ತದೆ, ಉರಿಯೂತ ಹರಡುತ್ತದೆ. ಆದ್ದರಿಂದಲೇ ಬೆನ್ನುಹುರಿಯ ಮೇಲಿನ ಒತ್ತಡವನ್ನು ಬೇಗ ಇಳಿಸುವುದಕ್ಕೆ ಅಷ್ಟು ಮಹತ್ವ. ಕುತ್ತಿಗೆಯ ಗಾಯಗಳ ಬಗ್ಗೆ 2012ರಲ್ಲಿ ಪ್ರಕಟವಾದ ಸ್ಟಾಸ್ಕಿಸ್ ಎಂಬ ಅಧ್ಯಯನದಲ್ಲಿ 24 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆದವರು ತಡವಾಗಿ ಆದವರಿಗಿಂತ ಹೆಚ್ಚು ಚೇತರಿಸಿಕೊಂಡಿದ್ದರು.

ಮುಂದಿನದು ಬೆಳವಣಿಗೆಯ ಪ್ರಶ್ನೆ. ಮಿದುಳು, ಬೆನ್ನುಹುರಿಗಳ ತಂತು ಕಡಿದರೆ ಮತ್ತೆ ಬೆಳೆಯದು ಎಂದು ಸ್ಪೇನಿನ ಮಹಾನ್ ವಿಜ್ಞಾನಿ ಸಾಂಟಿಯಾಗೊ ರಾಮೊನ್ ಇ ಕಹಾಲ್ 1928ರಲ್ಲಿ ಬರೆದಿದ್ದರು, ಆ ಮಾತು ಬಹಳ ಕಾಲ ನಿಂತಿತು. 1980ರ ಸುಮಾರಿಗೆ ಕೆನಡಾದ ಆಲ್ಬರ್ಟ್ ಅಗ್ವಾಯೊ ಅವರ ತಂಡ ಕಾಲಿನ ನರದ ತುಂಡನ್ನು ಬೆನ್ನುಹುರಿಗೆ ಕಸಿ ಮಾಡಿದಾಗ ಬೆನ್ನುಹುರಿಯ ತಂತುಗಳು ಆ ತುಂಡಿನೊಳಗೆ ಬೆಳೆದವು. ಬೆಳೆಯುವ ಶಕ್ತಿ ತಂತುವಿನಲ್ಲಿದೆ, ಸುತ್ತಲಿನ ನೆಲ ಬಿಡುತ್ತಿಲ್ಲ ಎಂಬುದು ಆಗ ಗೊತ್ತಾಯಿತು. ಜೂರಿಕ್‌ನ ಮಾರ್ಟಿನ್ ಶ್ವಾಬ್ ಅವರು ಹಾಗೆ ತಡೆಯುವ ನೋಗೊ-ಎ ಎಂಬ ಪ್ರೋಟೀನನ್ನು ಗುರುತಿಸಿದರು. ಗಾಯದ ಕಲೆಯಲ್ಲಿ ತುಂಬಿಕೊಳ್ಳುವ ಸಕ್ಕರೆ ಸರಪಳಿಯ ಅಣುಗಳೂ ತಡೆಯುತ್ತವೆ. ಅವನ್ನು ಕಿಣ್ವದಿಂದ ಕರಗಿಸಿದರೆ ಇಲಿಗಳಲ್ಲಿ ತಂತುಗಳು ಚಿಗುರುತ್ತವೆ ಎಂದು 2002ರಲ್ಲಿ ತೋರಿಸಲಾಯಿತು.

ಇಲಿಯಿಂದ ಮನುಷ್ಯನವರೆಗಿನ ದಾರಿ ಎಷ್ಟು ಕಷ್ಟದ್ದು ಎನ್ನುವುದಕ್ಕೆ ನೋಗೊ-ಎ ಯನ್ನು ತಡೆಯುವ ಪ್ರತಿಕಾಯದ (ಆಂಟಿಬಾಡಿ) ಪರೀಕ್ಷೆಯೇ ಸಾಕ್ಷಿ. ಯೂರೋಪಿನ ಹಲವು ಆಸ್ಪತ್ರೆಗಳಲ್ಲಿ ಕುತ್ತಿಗೆಯ ಗಾಯವಾದವರಿಗೆ ಅದನ್ನು ಆರಂಭದ ವಾರಗಳಲ್ಲೇ ಕೊಟ್ಟು ನೋಡಿದರು. 2024ರ ಕೊನೆಯಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಕೈಗಳ ಬಲದಲ್ಲಿ ಗೆಲುವು ಕಾಣಲಿಲ್ಲ. ಅಪೂರ್ಣ ಗಾಯದವರನ್ನು ಬೇರೆಯಾಗಿ ನೋಡಿದಾಗ ಮಾತ್ರ ಲಾಭದ ಸೂಚನೆ ಸಿಕ್ಕಿತು. ಸೂಚನೆ ಎಂದೇ ಹೇಳುತ್ತಿದ್ದೇನೆ, ಅದು ಇನ್ನೊಂದು ಪರೀಕ್ಷೆಯಲ್ಲಿ ಗಟ್ಟಿಯಾಗಬೇಕು. ಆದರೂ ಮೂರು ದಶಕಗಳ ಹಿಂದಿನ ಒಂದು ಪ್ರಯೋಗಾಲಯದ ಗುಮಾನಿ ರೋಗಿಯ ಹಾಸಿಗೆಯ ಪಕ್ಕದವರೆಗೆ ಬಂದಿತಲ್ಲ, ಅದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಹೊಂಗೆನೆರಳು

ನರಜಾಲ ಅವರೇ, ಒಂದು ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕೊರೆಯುತ್ತಿದೆ. ನನ್ನ ಮಗಳಿಗೆ ಗಾಯವಾದ ದಿನ ಸ್ಟೀರಾಯ್ಡ್ ಕೊಡಲಿಲ್ಲ. ಕೊಟ್ಟಿದ್ದರೆ ಅವಳು ಇಂದು ನಡೆಯುತ್ತಿದ್ದಳು ಎಂದು ಯಾರೋ ಹೇಳಿಬಿಟ್ಟರು. ಆ ಮಾತು ಮನಸ್ಸಿನಿಂದ ಹೋಗುವುದಿಲ್ಲ.

ನರಜಾಲ

ಹೊಂಗೆನೆರಳು ಅವರೇ, ಆ ಮಾತನ್ನು ಇಂದೇ ಕೆಳಗಿಡಿ. 1990ರಲ್ಲಿ ಒಂದು ದೊಡ್ಡ ಅಮೆರಿಕನ್ ಅಧ್ಯಯನ, ಎಂಟು ಗಂಟೆಗಳೊಳಗೆ ಹೆಚ್ಚಿನ ಪ್ರಮಾಣದಲ್ಲಿ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಸ್ವಲ್ಪ ಪ್ರಯೋಜನವಿದೆ ಎಂದಿತು. ಲೋಕವೆಲ್ಲ ಅದನ್ನು ಅನುಸರಿಸಿತು. ಆಮೇಲೆ ಅಂಕಿಅಂಶಗಳನ್ನು ಮತ್ತೆ ಮತ್ತೆ ಜಾಲಾಡಿದಾಗ ಆ ಪ್ರಯೋಜನ ತೀರಾ ತೆಳುವಾಗಿತ್ತು. ಸೋಂಕು, ಹೊಟ್ಟೆಯ ರಕ್ತಸ್ರಾವದಂಥ ಅಪಾಯಗಳು ಎದ್ದು ಕಂಡವು. 2013ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಮಾರ್ಗಸೂಚಿ ಅದನ್ನು ಕೊಡಬೇಡಿ ಎಂದೇ ಹೇಳಿತು. 2017ರ ಇನ್ನೊಂದು ಮಾರ್ಗಸೂಚಿ ಎಂಟು ಗಂಟೆಗಳೊಳಗಾದರೆ ಕೊಡುವುದನ್ನು ಒಂದು ಆಯ್ಕೆಯಾಗಿ ಪರಿಗಣಿಸಬಹುದು ಎಂದಷ್ಟೇ ಹೇಳಿತು. ಕೊಡದ ವೈದ್ಯರು ತಪ್ಪು ಮಾಡಲಿಲ್ಲ. ಕೊಟ್ಟಿದ್ದರೆ ನಡೆಯುತ್ತಿದ್ದಳು ಎಂದವರಿಗೆ ಹಾಗೆ ಹೇಳಲು ಯಾವ ಆಧಾರವೂ ಇರಲಿಲ್ಲ.

ಹಸ್ತಾಕ್ಷರ

ನಾನು ಫಿಸಿಯೋಥೆರಪಿಸ್ಟ್, ಬೆನ್ನುಹುರಿಯ ಗಾಯವಾದವರ ಜೊತೆಗೇ ಕೆಲಸ. ತಿಳಿನೀರು ಅವರೇ, ನಡಿಗೆಯ ಮಾತು ಆಮೇಲೆ. ನಿಮ್ಮ ತಮ್ಮನ ಬೆರಳುಗಳ ಬಗ್ಗೆ ಈ ವಾರವೇ ಗಮನಿಸಬೇಕಾದದ್ದಿದೆ.

ಸಿ6 ಮಟ್ಟದಲ್ಲಿ ಮಣಿಕಟ್ಟನ್ನು ಮೇಲೆತ್ತುವ ಶಕ್ತಿ ಉಳಿದಿರುತ್ತದೆ. ಹಾಗೆ ಎತ್ತಿದಾಗ ಬೆರಳಿನ ಸ್ನಾಯುರಜ್ಜುಗಳು ಎಳೆಯಲ್ಪಟ್ಟು ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ, ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಒತ್ತುತ್ತದೆ. ಲೋಟ, ಚಮಚ, ಪೆನ್ನು ಹಿಡಿಯಲು ಆ ಹಿಡಿತವೇ ಆಧಾರ. ಮನೆಯವರು ಪ್ರೀತಿಯಿಂದ ಬೆರಳುಗಳನ್ನು ನೇರವಾಗಿ ಎಳೆದು, ಮಣಿಕಟ್ಟನ್ನೂ ಹಿಂದಕ್ಕೆ ಬಾಗಿಸಿ ವ್ಯಾಯಾಮ ಮಾಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಜ್ಜುಗಳು ಸಡಿಲವಾದರೆ ಆ ಹಿಡಿತ ಹೋಗುತ್ತದೆ. ಮಣಿಕಟ್ಟು ಹಿಂದೆ ಬಾಗಿದಾಗ ಬೆರಳು ಮಡಚಿರಲಿ, ಬೆರಳು ಬಿಡಿಸುವಾಗ ಮಣಿಕಟ್ಟು ಕೆಳಗೆ ಬಾಗಿರಲಿ.

ಹೊಸ ಚಿಕಿತ್ಸೆಗಳಲ್ಲಿ ನಾನು ಹೆಚ್ಚು ಮೆಚ್ಚುವುದು, ವಿಡಿಯೊಗಳಲ್ಲಿ ಬಹಳ ಕಡಿಮೆ ಕಾಣುವುದು, ನರ ವರ್ಗಾವಣೆ. ಗಾಯದ ಮೇಲಿನ ಮಟ್ಟದಿಂದ ಬರುವ, ಕೆಲಸ ಮಾಡುತ್ತಿರುವ ಒಂದು ನರದ ಕವಲನ್ನು ಕಡಿದು, ಕೆಲಸ ನಿಂತ ಸ್ನಾಯುವಿನ ನರಕ್ಕೆ ಜೋಡಿಸುತ್ತಾರೆ. ಮೊಣಕೈ ಮಡಚಲು ಒಂದಕ್ಕಿಂತ ಹೆಚ್ಚು ಸ್ನಾಯುಗಳಿವೆ, ಅದರಲ್ಲಿ ಒಂದರ ನರವನ್ನು ಬೆರಳು ಮಡಚುವುದಕ್ಕೆ ಕೊಡಬಹುದು. ಆಸ್ಟ್ರೇಲಿಯಾದ ತಂಡವೊಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು 59 ನರ ವರ್ಗಾವಣೆಗಳಾಗಿದ್ದವು. ಎರಡು ವರ್ಷಗಳ ನಂತರ ಚಿಕಿತ್ಸೆ ಪಡೆದವರು ವಸ್ತುಗಳನ್ನು ಎತ್ತುವುದರಲ್ಲಿ, ಚಿವುಟಿ ಹಿಡಿಯುವುದರಲ್ಲಿ, ಮೊಣಕೈ ಚಾಚುವುದರಲ್ಲಿ ಸ್ಪಷ್ಟವಾಗಿ ಮುಂದಿದ್ದರು. ನಾಲ್ಕು ಜೋಡಣೆಗಳು ಫಲಿಸಲಿಲ್ಲ, ಅದೂ ಗೊತ್ತಿರಲಿ. ನರ ನಿಧಾನ ಬೆಳೆಯುತ್ತದೆ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಹಾಗಾಗಿ ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ.

ಮುಂಗಾರುದಾರಿ

ಕೈಬೆರಳಿನ ಮಾತು ಸರಿ. ಆದರೆ ಎಲ್ಲರೂ ನಡಿಗೆಯ ಆಸೆಯನ್ನು ಬದಿಗೆ ಸರಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನನ್ನ ಅಣ್ಣನೂ ಗಾಯಗೊಂಡವನೇ. ಬೆನ್ನುಹುರಿಗೆ ವಿದ್ಯುತ್ ಕೊಟ್ಟು ನಡೆಸಿದ್ದು ಪ್ರಸಿದ್ಧ ವಿಜ್ಞಾನ ಪತ್ರಿಕೆಗಳಲ್ಲೇ ಬಂದಿದೆ, ಅದೇನು ಕಟ್ಟುಕಥೆಯೇ?

ನರಜಾಲ

ಕಟ್ಟುಕಥೆ ಖಂಡಿತ ಅಲ್ಲ ಮುಂಗಾರುದಾರಿ ಅವರೇ, ಈ ಕ್ಷೇತ್ರದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ ಕೆಲಸ ಅದು. ಸೊಂಟದ ಮಟ್ಟದ ಬೆನ್ನುಹುರಿಯಲ್ಲಿ ಹೆಜ್ಜೆ ಹಾಕುವ ಲಯವನ್ನು ಹೆಣೆಯುವ ನರಕೋಶಗಳ ಜಾಲವೇ ಇದೆ. ಗಾಯ ಮೇಲೆ ಆಗಿರುತ್ತದೆ, ಈ ಜಾಲ ಕೆಳಗೆ ಹಾಗೆಯೇ ಉಳಿದಿರುತ್ತದೆ. ಮಿದುಳಿನಿಂದ ಬರುವ ಸಂಕೇತ ಕ್ಷೀಣಿಸಿ ಅದನ್ನು ಎಬ್ಬಿಸಲಾರದು. ಬೆನ್ನುಹುರಿಯ ಹೊದಿಕೆಯ ಮೇಲೆ ವಿದ್ಯುದ್ವಾರಗಳ ಪಟ್ಟಿ ಇಟ್ಟು ಸಣ್ಣ ವಿದ್ಯುತ್ ಹರಿಸಿದಾಗ ಜಾಲ ಎಚ್ಚರದ ಅಂಚಿಗೆ ಬರುತ್ತದೆ, ಆಗ ಕ್ಷೀಣ ಸಂಕೇತವೂ ಸಾಕಾಗುತ್ತದೆ.

2011ರಲ್ಲಿ ಅಮೆರಿಕದ ಲೂಯಿವಿಲ್‌ನ ಸೂಸನ್ ಹಾರ್ಕೆಮಾ ಮತ್ತು ಸಂಗಡಿಗರು ಒಬ್ಬ ಯುವಕ ಹೀಗೆ ತನ್ನ ಭಾರ ತಾನೇ ಹೊತ್ತು ನಿಂತದ್ದನ್ನು ವರದಿ ಮಾಡಿದರು. 2018ರಲ್ಲಿ ಲೂಯಿವಿಲ್, ಮೇಯೊ ಕ್ಲಿನಿಕ್ ಮತ್ತು ಸ್ವಿಟ್ಜರ್ಲೆಂಡಿನ ಲೋಸಾನ್‌ನ ತಂಡಗಳು ಕೆಲವೇ ವಾರಗಳ ಅಂತರದಲ್ಲಿ ನಡಿಗೆಯ ಫಲಿತಾಂಶ ಪ್ರಕಟಿಸಿದವು. ಲೋಸಾನ್‌ನ ಗ್ರೆಗೊಯಿರ್ ಕೂರ್ಟೀನ್ ಮತ್ತು ಜೋಸೆಲಿನ್ ಬ್ಲಾಕ್ ಅವರ ತಂಡ 2022ರಲ್ಲಿ ಪೂರ್ಣ ಗಾಯದ ಮೂವರಲ್ಲಿ, ಪ್ರಚೋದನೆ ಶುರುವಾದ ಒಂದೇ ದಿನದೊಳಗೆ, ಆಸರೆಯೊಂದಿಗೆ ಹೆಜ್ಜೆ ತರಿಸಿತು. 2023ರಲ್ಲಿ ಗೆರ್ಟ್-ಯಾನ್ ಓಸ್ಕಮ್ ಎಂಬವರ ಮಿದುಳಿನ ಮೇಲೆ ಇಟ್ಟ ವಿದ್ಯುದ್ವಾರಗಳು ನಡೆಯುವ ಅವರ ಇಚ್ಛೆಯನ್ನು ಓದಿ, ನಿಸ್ತಂತುವಾಗಿ ಬೆನ್ನುಹುರಿಯ ಪ್ರಚೋದಕಕ್ಕೆ ದಾಟಿಸಿದವು. ಅಭ್ಯಾಸದ ನಂತರ ಸಾಧನ ನಿಲ್ಲಿಸಿದಾಗಲೂ ಅವರು ಊರುಗೋಲು ಹಿಡಿದು ನಡೆಯಬಲ್ಲವರಾದರು. ಅವರದು ಅಪೂರ್ಣ ಗಾಯ.

ಸಂಖ್ಯೆಯನ್ನೂ ನೋಡಿ: ಈ ಒಂದೊಂದು ಅಧ್ಯಯನದಲ್ಲೂ ಇದ್ದವರು ಒಬ್ಬರಿಂದ ನಾಲ್ವರವರೆಗೆ ಮಾತ್ರ. ನಡಿಗೆಯೂ ಕೈಗೋಲು, ವಾಕರ್ ಅಥವಾ ಮೇಲಿನಿಂದ ಭಾರ ಹೊರುವ ಪಟ್ಟಿಗಳ ನೆರವಿನಲ್ಲಿ, ತಿಂಗಳುಗಟ್ಟಲೆ ಕಠಿಣ ಅಭ್ಯಾಸದ ಮೇಲೆ. 2018ರ ಲೂಯಿವಿಲ್ ಅಧ್ಯಯನದಲ್ಲಿ ಒಬ್ಬರಿಗೆ ಅಭ್ಯಾಸದ ವೇಳೆ ಸೊಂಟದ ಮೂಳೆ ಮುರಿಯಿತು. ಭಾರ ಹೊರದ ಕಾಲಿನ ಮೂಳೆಗಳು ಟೊಳ್ಳಾಗಿರುತ್ತವೆ. ನಿಮ್ಮ ಅಣ್ಣ ಯಾವುದೇ ನಿಲ್ಲುವ ಅಭ್ಯಾಸಕ್ಕೆ ಇಳಿಯುವ ಮೊದಲು ಮೂಳೆಯ ಸಾಂದ್ರತೆ ಪರೀಕ್ಷಿಸಿಕೊಳ್ಳಲಿ.

ಹಸ್ತಾಕ್ಷರ

ಇದಕ್ಕೇ ಸೇರಿಸುತ್ತೇನೆ. ಶಸ್ತ್ರಚಿಕಿತ್ಸೆಯೇ ಬೇಡದ ಪ್ರಚೋದನೆಯೂ ಬಂದಿದೆ. ಕುತ್ತಿಗೆಯ ಚರ್ಮದ ಮೇಲೆ ವಿದ್ಯುದ್ವಾರ ಅಂಟಿಸಿ, ಕೈಗಳ ವ್ಯಾಯಾಮದ ಜೊತೆಯಲ್ಲೇ ವಿದ್ಯುತ್ ಕೊಡುತ್ತಾರೆ. ಅಪ್-ಲಿಫ್ಟ್ ಎಂಬ ಪರೀಕ್ಷೆಯಲ್ಲಿ ಗಾಯವಾಗಿ ಒಂದು ವರ್ಷಕ್ಕೂ ಹೆಚ್ಚು ಕಳೆದ, ಬಿ ಯಿಂದ ಡಿ ದರ್ಜೆಯವರೆಗಿನ 60 ಜನರಲ್ಲಿ 72 ಶೇಕಡದಷ್ಟು ಮಂದಿಗೆ ಕೈಯ ಬಲ ಮತ್ತು ಕೆಲಸ ಎರಡರಲ್ಲೂ ಸುಧಾರಣೆ ಕಂಡಿತು. ಸಾಧನದಿಂದ ಗಂಭೀರ ತೊಂದರೆ ಆಗಲಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. ಹೋಲಿಕೆಗೆ ಪ್ರತ್ಯೇಕ ಗುಂಪು ಇರಲಿಲ್ಲ ಎಂಬ ಕೊರತೆ ಇದೆ. ಆದರೆ ಮೊದಲು ಅವರಿಗೆಲ್ಲ ಬರೀ ವ್ಯಾಯಾಮ ಮಾಡಿಸಿ, ಆಮೇಲೆ ಪ್ರಚೋದನೆ ಸೇರಿಸಿದ್ದರಿಂದ ಹೆಚ್ಚಿನ ಲಾಭ ಎಲ್ಲಿಂದ ಬಂತೆಂದು ತಕ್ಕಮಟ್ಟಿಗೆ ತಿಳಿಯುತ್ತದೆ. ಗಾಯದ ದರ್ಜೆಯಲ್ಲಿ ತಿಳಿನೀರು ಅವರ ತಮ್ಮನಂಥವರೂ ಈ ಪರೀಕ್ಷೆಯಲ್ಲಿದ್ದರು.

ಬೆಳ್ಳಿಚುಕ್ಕಿ

ನನ್ನ ಯಜಮಾನರದು ಎದೆಯ ಮೇಲ್ಭಾಗದ ಪೂರ್ಣ ಗಾಯ. ಅಪೂರ್ಣ, ಅಪೂರ್ಣ ಎಂದು ಎಲ್ಲರೂ ಬರೆಯುವುದನ್ನು ಓದುವಾಗ ನಮ್ಮಂಥವರಿಗೆ ಏನೂ ಇಲ್ಲವೇ ಎನಿಸುತ್ತದೆ. ಒಂದು ಖಾಸಗಿ ಕೇಂದ್ರದವರು ಕಾಂಡಕೋಶ ಹಾಕುತ್ತೇವೆ, ನಡೆಯುವ ಸಾಧ್ಯತೆ ಇದೆ ಎನ್ನುತ್ತಿದ್ದಾರೆ. ಹಣ ಮೊದಲೇ ಕಟ್ಟಬೇಕಂತೆ. ಏನು ಮಾಡುವುದು?

ನರಜಾಲ

ಬೆಳ್ಳಿಚುಕ್ಕಿ ಅವರೇ, ಹಣ ಕಟ್ಟಬೇಡಿ. ಪ್ರಾಯೋಗಿಕ ಚಿಕಿತ್ಸೆಗೆ ರೋಗಿಯಿಂದಲೇ ದೊಡ್ಡ ಮೊತ್ತ ಕೇಳುವುದು ಮೊದಲ ಅಪಾಯದ ಗುರುತು.

ಕಾಂಡಕೋಶದ ವಿಜ್ಞಾನ ಸುಳ್ಳಲ್ಲ. ಭ್ರೂಣದ ಕಾಂಡಕೋಶಗಳಿಂದ ಬೆಳೆಸಿದ ಕೋಶಗಳನ್ನು 2010ರಲ್ಲಿ ಮೊದಲ ಬಾರಿಗೆ ಅಮೆರಿಕದ ರೋಗಿಯೊಬ್ಬರಿಗೆ ಹಾಕಲಾಯಿತು. ಮರುವರ್ಷ ಕಂಪನಿ ಹಣಕಾಸಿನ ಕಾರಣಕ್ಕೆ ಆ ಕೆಲಸ ನಿಲ್ಲಿಸಿತು. ಜಪಾನಿನ ಕೇಯೊ ವಿಶ್ವವಿದ್ಯಾಲಯದವರು ಐಪಿಎಸ್ ಕೋಶಗಳಿಂದ (ಸಾಮಾನ್ಯ ಕೋಶಗಳನ್ನು ಮರಳಿ ಕಾಂಡಕೋಶದಂತೆ ಮಾಡಿದವು) ಬೆಳೆಸಿದ ನರಕೋಶಗಳ ಪೂರ್ವಜ ಕೋಶಗಳನ್ನು ಪೂರ್ಣ ಗಾಯದ ನಾಲ್ವರಿಗೆ ಕಸಿ ಮಾಡಿ, 2025ರ ಮಾರ್ಚ್‌ನಲ್ಲಿ ಫಲಿತಾಂಶ ತಿಳಿಸಿದರು. ಗಂಭೀರ ದುಷ್ಪರಿಣಾಮ ಕಾಣಲಿಲ್ಲ, ಇಬ್ಬರಲ್ಲಿ ಚಲನೆ ಸುಧಾರಿಸಿತು. ಸುರಕ್ಷೆಯನ್ನು ನೋಡಲೆಂದು ಮಾಡಿದ ಪರೀಕ್ಷೆ ಅದು. ನಾಲ್ವರೂ ಗಾಯವಾದ ಕೆಲವೇ ವಾರಗಳಲ್ಲಿ ಕಸಿ ಪಡೆದವರು, ಹಾಗಾಗಿ ಸಹಜ ಚೇತರಿಕೆ ಎಷ್ಟು, ಕೋಶಗಳ ಕೊಡುಗೆ ಎಷ್ಟು ಎಂದು ಬಿಡಿಸಲಾಗದು.

ಇನ್ನೊಂದು ಪ್ರಕರಣ ನೀವು ತಿಳಿದಿರಬೇಕು. ಮೂಗಿನ ಒಳಪೊರೆಯ ಕೋಶಗಳನ್ನು ಬೆನ್ನುಹುರಿಗೆ ಹಾಕಿಸಿಕೊಂಡಿದ್ದ ಯುವತಿಯೊಬ್ಬರಲ್ಲಿ ಎಂಟು ವರ್ಷಗಳ ನಂತರ ಅಲ್ಲಿಯೇ ಲೋಳೆ ಸ್ರವಿಸುವ ಗಡ್ಡೆ ಬೆಳೆದು, ತೆಗೆಯಬೇಕಾಯಿತು. 2014ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಒಮ್ಮೆ ಇಂಥ ಕೋಶಗಳನ್ನು ಹಾಕಿಸಿಕೊಂಡರೆ ಮುಂದೆ ಬರುವ ಪ್ರಾಮಾಣಿಕ ಪರೀಕ್ಷೆಗಳಲ್ಲಿ ಅನೇಕ ಕಡೆ ಸೇರಿಸಿಕೊಳ್ಳುವುದೂ ಇಲ್ಲ.

ಮುಂಗಾರುದಾರಿ

ಆದರೂ ಭರವಸೆಯ ಮೇಲೆ ಹೀಗೆ ನೀರೆರಚಿದರೆ ಕುಟುಂಬದವರು ಯಾವುದನ್ನು ಹಿಡಿದು ಬದುಕಬೇಕು?

ಗಾಲಿಪಯಣ

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಬೆಳ್ಳಿಚುಕ್ಕಿ ಅವರಿಗೂ ಸೇರಿಸಿ ಉತ್ತರಿಸುತ್ತೇನೆ, ಏಕೆಂದರೆ ನನ್ನದೂ ಪೂರ್ಣ ಗಾಯವೇ.

ಮೊದಲ ಮಹಾಯುದ್ಧದಲ್ಲಿ ನಮ್ಮಂಥ ಗಾಯವಾದವರಲ್ಲಿ ಬಹುಪಾಲು ಜನ ಮೂತ್ರದ ಸೋಂಕು ಮತ್ತು ಒತ್ತಡದ ಹುಣ್ಣುಗಳಿಂದ ಬೇಗನೆ ಸತ್ತರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ಗಾಯದ ವಿಭಾಗ ತೆರೆದು, ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ನಿಯಮ ತಂದರು, ಮೂತ್ರಕೋಶದ ಆರೈಕೆಯನ್ನು ಕಟ್ಟುನಿಟ್ಟು ಮಾಡಿದರು, ರೋಗಿಗಳ ಕೈಗೆ ಕೆಲಸ, ಆಟ ಕೊಟ್ಟರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ. 1970ರ ದಶಕದಲ್ಲಿ ಜ್ಯಾಕ್ ಲ್ಯಾಪಿಡೀಸ್ ಅವರು, ಶುಚಿಯಾದ ಕ್ಯಾಥೆಟರನ್ನು (ಮೂತ್ರ ಹೊರತೆಗೆಯುವ ನಳಿಕೆಯನ್ನು) ರೋಗಿಯೇ ದಿನಕ್ಕೆ ಹಲವು ಸಲ ಹಾಕಿ ತೆಗೆಯಬಹುದು ಎಂದು ತೋರಿಸಿದರು, ಅದರಿಂದ ಎಷ್ಟೋ ಮೂತ್ರಪಿಂಡಗಳು ಉಳಿದವು. ನಾನು ಇಷ್ಟು ವರ್ಷ ಬದುಕಿ, ದುಡಿದು, ಸಂಸಾರ ಮಾಡಿರುವುದು ಈ ಎರಡರಿಂದ. ಇವುಗಳ ವಿಡಿಯೊವನ್ನು ಯಾರೂ ಕಳುಹಿಸುವುದಿಲ್ಲ.

ಅಮೆರಿಕದ ಕಿಮ್ ಆ್ಯಂಡರ್ಸನ್, ತಾವೂ ಬೆನ್ನುಹುರಿಯ ಗಾಯದವರೇ, 2004ರಲ್ಲಿ 681 ಮಂದಿಯನ್ನು ಏನು ಮರಳಿದರೆ ಬದುಕು ಹೆಚ್ಚು ಹಸನಾಗುತ್ತದೆ ಎಂದು ಕೇಳಿದ್ದರು. ಕೈಕಾಲು ನಾಲ್ಕೂ ಸೋತವರಲ್ಲಿ ಅರ್ಧದಷ್ಟು ಮಂದಿ ಕೈಗಳು ಎಂದರು. ಕಾಲು ಮಾತ್ರ ಸೋತವರು ಅತಿ ಹೆಚ್ಚಾಗಿ ಆರಿಸಿದ್ದು ಲೈಂಗಿಕ ಬದುಕನ್ನು. ಮೂತ್ರ, ಮಲದ ಹಿಡಿತ ಎರಡೂ ಗುಂಪಿಗೆ ಬೇಕಾಗಿತ್ತು. ನನ್ನನ್ನು ಕೇಳಿದ್ದರೆ ನಾನೂ ಮೂತ್ರಕೋಶವನ್ನೇ ಹೇಳುತ್ತಿದ್ದೆ.

ಪೂರ್ಣ ಗಾಯದವರಿಗೂ ದಾರಿ ತೆರೆಯುತ್ತಿರುವುದು ಇಲ್ಲಿಯೇ. ಎದ್ದು ಕುಳಿತರೆ ರಕ್ತದೊತ್ತಡ ಕುಸಿದು ತಲೆ ತಿರುಗುವವರಿಗೆ ಬೆನ್ನುಹುರಿಯ ಪ್ರಚೋದನೆಯಿಂದ ಒತ್ತಡವನ್ನು ಸ್ಥಿರಗೊಳಿಸಬಹುದು ಎಂದು ಕೆಲವು ವರ್ಷಗಳಿಂದ ವರದಿಗಳು ಬರುತ್ತಿವೆ. ಹಗಲೆಲ್ಲ ಮಂಕು ಕವಿಯದೆ ಕುಳಿತಿರುವುದು ಎಂಥ ದೊಡ್ಡ ಸಂಗತಿ ಎಂದು ನಿಮ್ಮ ಯಜಮಾನರನ್ನೇ ಕೇಳಿ ಬೆಳ್ಳಿಚುಕ್ಕಿ ಅವರೇ.

ಅವರ ಗಾಯ ಎದೆಯ ಆರನೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಇದನ್ನು ಮನೆಯವರೆಲ್ಲ ಕಲಿತಿರಬೇಕು: ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಗಾಯದ ಮೇಲಿನ ಭಾಗದಲ್ಲಿ ಬೆವರು ಬಂದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರುತ್ತಿದೆ ಎಂದರ್ಥ. ಕೂಡಲೇ ನೇರವಾಗಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾಥೆಟರ್ ಮಡಚಿದೆಯೇ, ಮೂತ್ರಕೋಶ ತುಂಬಿದೆಯೇ ನೋಡಿ, ಬಳಿಕ ಮಲ ಕಟ್ಟಿದೆಯೇ, ಚರ್ಮಕ್ಕೆ ಏನಾದರೂ ಒತ್ತುತ್ತಿದೆಯೇ ನೋಡಿ. ಇಳಿಯದಿದ್ದರೆ ತುರ್ತು ಚಿಕಿತ್ಸೆಗೆ ಒಯ್ಯಿರಿ. ಎಷ್ಟೋ ವೈದ್ಯರಿಗೂ ಇದು ಪರಿಚಿತವಲ್ಲ, ನೀವೇ ಹೇಳಬೇಕಾಗುತ್ತದೆ.

ಬೆಳ್ಳಿಚುಕ್ಕಿ

ತಲೆನೋವು ಅವರಿಗೆ ಆಗಾಗ ಬರುತ್ತದೆ, ಮಾತ್ರೆ ಕೊಟ್ಟು ಮಲಗಿಸುತ್ತಿದ್ದೆವು. ಇನ್ನು ಮೊದಲು ಕೂರಿಸುತ್ತೇವೆ. ನಾಳೆಯೇ ಅವರ ವೈದ್ಯರಲ್ಲಿ ಮಾತನಾಡುತ್ತೇನೆ. ಹಣ ಕಟ್ಟುವುದಿಲ್ಲ.

ತಿಳಿನೀರು

ಎಲ್ಲರಿಗೂ ವಂದನೆಗಳು. ಈ ಬರಹಗಳನ್ನು ತಮ್ಮನಿಗೆ ಓದಿ ಹೇಳಿದೆ. ನಡಿಗೆಯ ಬಗ್ಗೆ ಏನೂ ಕೇಳಲಿಲ್ಲ, ನರ ವರ್ಗಾವಣೆಯ ಭಾಗವನ್ನು ಮತ್ತೆ ಓದಿಸಿದ. ಹಸ್ತಾಕ್ಷರ ಅವರೇ, ಅದಕ್ಕೆ ಎಷ್ಟು ಕಾಲಾವಕಾಶ ಇದೆ? ಯಾರನ್ನು, ಏನೆಂದು ಕೇಳಬೇಕು?

ಹಸ್ತಾಕ್ಷರ

ಕೈಯ ಶಸ್ತ್ರಚಿಕಿತ್ಸೆ ಅಥವಾ ಬಾಹ್ಯ ನರಗಳ ಶಸ್ತ್ರಚಿಕಿತ್ಸೆ ಮಾಡುವ, ಬೆನ್ನುಹುರಿ ಗಾಯದವರನ್ನು ನೋಡಿ ಅನುಭವವಿರುವ ತಜ್ಞರನ್ನು ಕೇಳಿ. ಬೆರಳು ಮಡಚುವ, ಬಿಡಿಸುವ ಸ್ನಾಯುಗಳಿಗೆ ಚರ್ಮದ ಮೇಲಿಂದ ವಿದ್ಯುತ್ ಕೊಟ್ಟಾಗ ಅವು ಸಂಕುಚಿಸುತ್ತವೆಯೇ ಎಂದು ಪರೀಕ್ಷಿಸಲು ಹೇಳಿ. ಸಂಕುಚಿಸಿದರೆ ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ನರ ಜೀವಂತವಿದೆ, ಅವಸರ ಕಡಿಮೆ. ಸಂಕುಚಿಸದಿದ್ದರೆ ಆ ನರದ ಮೂಲ ಕೋಶಗಳೇ ಗಾಯದಲ್ಲಿ ಸತ್ತಿವೆ, ಸ್ನಾಯು ಒಣಗುತ್ತಾ ಹೋಗುತ್ತದೆ. ಹಾಗಿದ್ದಲ್ಲಿ ಮೊದಲ ವರ್ಷದೊಳಗೆ ತೀರ್ಮಾನವಾಗಬೇಕು. ಆಸ್ಟ್ರೇಲಿಯಾದವರು ಗಾಯವಾಗಿ 18 ತಿಂಗಳೊಳಗಿನವರನ್ನೇ ಆರಿಸಿಕೊಂಡಿದ್ದರು. ಸಮಯ ಮೀರಿದವರಿಗೆ ಸ್ನಾಯುರಜ್ಜು ವರ್ಗಾವಣೆ ಎಂಬ ಹಳೆಯ, ಚೆನ್ನಾಗಿ ಪಳಗಿದ ದಾರಿ ಇದ್ದೇ ಇದೆ. ಯಾವ ಸ್ನಾಯು ಎಷ್ಟು ಬಲವಾಗಿದೆ ಎಂಬ ಪಟ್ಟಿಯನ್ನು ಪುನಶ್ಚೇತನ ಕೇಂದ್ರದವರಿಂದ ಬರೆಸಿಕೊಂಡು ಹೋಗಿ, ತಜ್ಞರು ಮೊದಲು ಕೇಳುವುದು ಅದನ್ನೇ.